ಕೋಡಿ ಕಡಿಯುವ ಸಂದೇಶ

"ಅಕ್ಕಾ, ನಾನೇನೂ ಮಾಡಿಲ್ಲ. ಸಂಜೆಯೊಳ್ಗೆ ಕೆಲ್ಸದಿಂದ ತೆಗೀತಾರಂತೆ, ಪೊಲೀಸ್ ಕಂಪ್ಲೇಂಟೂ ಕೊಡ್ತಾರಂತೆ!" ಎನ್ನುತ್ತಾ ಶಿರೀಷಾ ಮುಳಬಾಗಿಲಿನ ಸುನಂದಕ್ಕನ ವರಾಂಡದಲ್ಲಿ ಕುಸಿದು ಕೂತಳು.

ಸುನಂದಕ್ಕ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಊರಲ್ಲಿ ಏನೇ ಗೋಜಲಾದರೂ ಜನ ಅವರ ಬಾಗಿಲಿಗೇ ಬರುತ್ತಿದ್ದರು. ಪಕ್ಕದ ಮನೆಯ ಮುನಿಯಲ್ಲಪ್ಪನಾದ ನಾನು ಅವರ ಬಾಲ.

ಶಿರೀಷಾ ಗಡಿಕೆರೆಯ ನೀರಾವರಿ ಕಚೇರಿಯಲ್ಲಿ ಆಪರೇಟರ್. ಆ ಕೆರೆಯ ನೀರು ಹಂಚಿಕೊಳ್ಳುವ ಕರ್ನಾಟಕ, ಆಂಧ್ರ ಎರಡೂ ರಾಜ್ಯಗಳು ಮಾತಾಡಿಕೊಳ್ಳಲು ಒಂದು ಆ್ಯಪ್ ಮಾಡಿಕೊಂಡಿದ್ದವು. ಆಂಧ್ರದವರು ತೆಲುಗಿನಲ್ಲಿ ಮಾತಾಡಿ ಕಳಿಸಿದರೆ ನಮಗದು ಕನ್ನಡದಲ್ಲಿ ಬರಹವಾಗಿ ಬರುತ್ತಿತ್ತು. ಸೋಮವಾರ ಬಂದದ್ದು ಹೀಗಿತ್ತು: "ಭಾನುವಾರ ಬನ್ನಿ. ನಿಮಗೋಸ್ಕರ ಕೋಡಿ ಕಡಿಯುತ್ತೇವೆ."

ಕೆರೆ ತುಂಬಿ ಹೆಚ್ಚಾದ ನೀರು ಹೊರಹೋಗುವ ಕಟ್ಟೆಯೇ ಕೋಡಿ; ಅದನ್ನು ಕಡಿದರೆ ನಮ್ಮ ಕೆರೆಯೇ ಬರಿದಾಗುತ್ತದೆ! ಧಾರವಾಡದಿಂದ ವರ್ಗವಾಗಿ ಬಂದಿದ್ದ ಅಧಿಕಾರಿ ಅರ್ಪಿತ ಮೇಡಂ ಆಂಧ್ರಕ್ಕೆ ಖಾರವಾಗಿ ನೋಟೀಸು ಕಳಿಸಿ, ಭಾನುವಾರದ ಜಂಟಿ ತಪಾಸಣೆಯನ್ನು ರದ್ದು ಮಾಡಿದರು. ಹಾಗೆ ಬೆದರಿಸಿಯೇ ಇಲ್ಲ ಎಂದು ಆಂಧ್ರದವರು ಸಿಡಿದರು. ಮೂಲ ಧ್ವನಿಯನ್ನು ಯಾರೋ ಅಳಿಸಿದ್ದರು. ಅಳಿಸಬಲ್ಲವರು ಮೂವರೇ: ಅರ್ಪಿತ, ಶಿರೀಷಾ, ಎಂಜಿನಿಯರ್ ಮುರಳೀಕೃಷ್ಣ. ಮುರಳಿ ನನ್ನ ಸ್ವಂತ ತಮ್ಮ. ಆಂಧ್ರದ ಮದನಪಲ್ಲಿಯ ಮಗಳಾದ ಶಿರೀಷಾಳ ಮೇಲೆಯೇ ಎಲ್ಲರ ಕಣ್ಣು ಬಿತ್ತು.

"ಆಡಿಯೋ ಮತ್ತೆ ಕಳಿಸಿ ಅಂತ ಅದನ್ನ ಕಳ್ಸಿದ ಆಂಧ್ರದ ಎಂಜಿನಿಯರ್ ಕದಿರೇಶ್‌ನ ಮೂರ್ ಸಲ ಕೇಳ್ದೆ ಅಕ್ಕಾ. ಸಿಟ್ಟಲ್ಲಿ ಮಾತೇ ಆಡ್ಲಿಲ್ಲ."

ಸುನಂದಕ್ಕ ನನ್ನ ಸ್ಕೂಟರ್ ಹತ್ತಿ ಮೊದಲು ಕೆರೆಗೆ ಹೋದರು. ಕೋಡಿಯ ಹಳೇ ಕಲ್ಲಿನ ಮೇಲೆ ಒಂದಡಿ ಎತ್ತರಕ್ಕೆ ಹೊಸ ಸಿಮೆಂಟು ಕಂಡಿತು. ಆಮೇಲೆ ಕಚೇರಿಯಲ್ಲಿ ಮೂವರ ಹೇಳಿಕೆಗಳನ್ನೂ ನನ್ನಿಂದ ಓದಿಸಿದರು. ಮುರಳಿ ಬರೆದಿದ್ದ: "ನನಗೆ ತೆಲುಗು ಬಾರದು. ಧ್ವನಿ ಕೇಳಿಲ್ಲ." ನಾನು ಓದಿ ಬೇಗನೆ ಹಾಳೆ ತಿರುವಿದೆ.

ಮಧ್ಯಾಹ್ನ ಎಲ್ಲರೂ ಸೇರಿದಾಗ ಸುನಂದಕ್ಕ ಕದಿರೇಶ್‌ಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ, ತೆಲುಗಿನಲ್ಲಿ ನಯವಾಗಿ ವಿಚಾರಿಸಿದರು. ಆತ ಸಿಡುಕಿದ: "ನಾಟುಕೋಡಿ ಕೋಸ್ತಾಂ ಅಂಟೇ ನೋಟೀಸು ಪಂಪಿಸ್ತಾರಾ?"

"ಅಂದ್ರೇನು?" ಎಂದರು ಅರ್ಪಿತ.

"ನಾಟಿಕೋಳಿ ಕೊಯ್ತೀವಿ ಅಂದ್ರೆ ನೋಟೀಸ್ ಕಳಿಸ್ತೀರಾ ಅಂತಾನೆ ಮೇಡಂ. ತೆಲುಗಲ್ಲಿ ಕೋಡಿ ಅಂದ್ರೆ ಕೋಳಿ. ಕೆರೆ ಮಾತನ್ನೇ ಕಲಿತ ಯಂತ್ರ 'ನಾಟು' ಬಿಟ್ಟು ಅದನ್ನ ಕೆರೆ ಕೋಡಿ ಮಾಡ್ತು. ಬೆದರಿಸೋನು 'ನಿಮಗೋಸ್ಕರ' ಅಂತಾನಾ?"

ಅರ್ಪಿತ ದಂಗಾಗಿ ಕುರ್ಚಿಗೆ ಒರಗಿದರು.

"ಬರಹದಲ್ಲಾದದ್ದು ಯಂತ್ರದ ತಪ್ಪು. ಆದರೆ ಧ್ವನಿ ಅಳಿಸಿದ್ದು ಮನುಷ್ಯ. ಕೇಳಿದ್ದು ಅರ್ಥವಾಗಿ, ಜಗಳವೇ ಬೇಕಾಗಿದ್ದವನು. ನಿಮಗೆ ತೆಲುಗು ಬರಲ್ಲ ಮೇಡಂ. ಶಿರೀಷಾ ಅಳಿಸಿದ್ರೆ ಮತ್ತೆ ಕಳಿಸಿ ಅಂತ ಯಾಕೆ ಕೇಳ್ತಿದ್ಲು? ತಪಾಸಣೆ ನಡೆದಿದ್ರೆ ಕೋಡಿ ಮೇಲಿನ ಹೊಸ ಸಿಮೆಂಟು ಸಿಕ್ಕಿಬೀಳ್ತಿತ್ತು. ಕೋಡಿ ಎತ್ತರಿಸಿದ್ರೆ ಆಂಧ್ರಕ್ಕೆ ಹರಿಯೋ ನೀರು ನಮ್ಮ ಕಡೆಯೇ ನಿಲ್ಲುತ್ತೆ; ಅದು ನಮ್ಮ ಎಂಜಿನಿಯರ್ ಕೈಕೆಲಸ." ಅವರು ನನ್ನತ್ತ ತಿರುಗಿದರು. "ತೆಲುಗು ಬಾರದು ಅನ್ನೋ ಮುರಳಿ ಹೇಳಿಕೆ ಓದಿದ್ದೇ ಅವಸರವಾಗಿ ಹಾಳೆ ತಿರುವಿದ್ರಿ, ಮುನಿಯಲ್ಲಪ್ಪ. ನಿಮ್ಮಮ್ಮ ಮುರಳೀನ ಯಾವ ಮಾತಲ್ಲಿ ಬೈತಾರೆ?"

ತಮ್ಮ ನನ್ನನ್ನೇ ನೋಡುತ್ತಿದ್ದ. ಶಿರೀಷಾಳೂ ನೋಡುತ್ತಿದ್ದಳು.

"ತೆಲುಗಲ್ಲಿ. ನಮ್ಮನೇಲಿ ಬೇರೆ ಮಾತೇ ಇಲ್ಲ," ಎಂದೆ.

"ಆ ನೀರು ನಿನ್ನ ಹೊಲಕ್ಕೂ ಬರ್ತಿತ್ತಲ್ಲ ಅಣ್ಣಾ!" ಎಂದ ಮುರಳಿ.

ಅರ್ಪಿತ ಶಿರೀಷಾಳ ವಜಾ ಆದೇಶವನ್ನು ಹರಿದು, ಮುರಳಿಯ ಅಮಾನತಿಗೆ ಸಹಿ ಹಾಕಿದರು. ಶಿರೀಷಾ ನನ್ನ ಕಾಲಿಗೆ ಬೀಳಲು ಬಗ್ಗಿದಳು. ನಾನು ತಡೆದು ಹೊರಗೆ ಬಂದೆ. ಇದನ್ನೆಲ್ಲ ಅಮ್ಮನಿಗೆ ಈಗ ನಾನೇ ಹೇಳಬೇಕಿತ್ತು, ಅದೂ ತೆಲುಗಿನಲ್ಲಿ.