ನಾಲ್ಕಿಂಚು ಎತ್ತರ

ಪಿಕಪ್ ಟ್ರಕ್ಕು ಕಲ್ಲುಕ್ವಾರಿಯ ತಳದಲ್ಲಿ ತಲೆಕೆಳಗಾಗಿ ಬಿದ್ದಿತ್ತು. ಮೂರು ಚಕ್ರ ನಿಂತಿದ್ದವು. ಒಂದು ಇನ್ನೂ ತಿರುಗುತ್ತಿತ್ತು.

ಒಳಗಿದ್ದ ಚಿರಂಜೀವಿ ಅಲ್ಲಾಡಲಿಲ್ಲ. ಐಟಿ ಕಂಪನಿಯೊಂದರ ಮ್ಯಾನೇಜರ್ ಅವನು. ವಾರವಿಡೀ ಕಂಪ್ಯೂಟರ್ ಮುಂದೆ ಕೂರುವುದು, ಭಾನುವಾರ ಬಂತೆಂದರೆ ಕಲ್ಲುಗುಡ್ಡದ ಮೇಲೆ ಗಾಡಿ ಹತ್ತಿಸುವುದು. ದುಡ್ಡಿದ್ದವರ ಖಯಾಲಿ. ಸರ್ಜಾಪುರದಾಚೆಯ ಈ ಪಾಳು ಕ್ವಾರಿಯಲ್ಲಿ, ಹೊಸದಾಗಿ ಎತ್ತರಿಸಿದ ಟ್ರಕ್ಕಿನ ಮೊದಲ ಪರೀಕ್ಷೆ ಅಂದು ಬೆಳಿಗ್ಗೆ ನಡೆದಿತ್ತು. ಇಳಿಜಾರಿನ ಅರ್ಧದಲ್ಲಿ ಬ್ರೇಕ್ ಹೋಯಿತು.

ಮೇಲೆ ನಿಂತಿದ್ದ ಮಹಾನಂದಾ ತನ್ನ ತಮ್ಮ ಕಾಡಪ್ಪನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಟ್ರಕ್ಕನ್ನು ಎತ್ತರಿಸಿದ ಮೆಕ್ಯಾನಿಕ್ ಅವನೇ. ಪೀಣ್ಯದ ಗ್ಯಾರೇಜಿನಲ್ಲಿ ಹನ್ನೊಂದು ದಿನ ಬೇರೆ ಗಾಡಿ ಮುಟ್ಟಿರಲಿಲ್ಲ. ನಾಲ್ಕಿಂಚು ಎತ್ತರದ ಸ್ಪ್ರಿಂಗು, ಉದ್ದನೆಯ ಶಾಕ್ ಅಬ್ಸಾರ್ಬರು, ದೊಡ್ಡ ಟೈರು, ಆ ಟೈರನ್ನು ತಿರುಗಿಸುವ ಶಕ್ತಿಗೆ ಹೊಸ ಗೇರು. "ನನ್ನ ಕೆಲಸ ನೋಡಾಕ ಬಾ ಅಕ್ಕಾ" ಎಂದು ರಜೆಯ ದಿನ ಅವಳನ್ನು ಕರೆತಂದಿದ್ದ. ನೋಡಿದ್ದಾಯಿತು.

ಒಂದು ಗಂಟೆಯ ನಂತರ ಇನ್‌ಸ್ಪೆಕ್ಟರ್ ಭದ್ರಮ್ಮನ ಕೈಯಲ್ಲಿ ಹರಿದ ರಬ್ಬರ್ ಪೈಪೊಂದಿತ್ತು. ಮುಂದಿನ ಚಕ್ರದ ಬ್ರೇಕ್ ಪೈಪು.

"ಇದು ಎಷ್ಟುದ್ದ ಇರಬೇಕಿತ್ತಪ್ಪಾ?"

"ಇನ್ನೂ ನಾಕಿಂಚು ಉದ್ದ ಇರಬೇಕ್ರಿ ಮೇಡಂ. ಗಾಡಿ ಎತ್ತರಾದ್ರ ಚಕ್ರ ಕೆಳಗ ಜೋತು ಬೀಳತೈತಿ. ಸಣ್ಣ ಪೈಪ್ ಇದ್ರ ಜಗ್ಗಿ ಹರಿತೈತಿ."

"ಗೊತ್ತಿದ್ದೂ ಹಳೇದನ್ನೇ ಬಿಟ್ಟಿದ್ದೀಯಲ್ಲ?"

ಕಾಡಪ್ಪನ ಮುಖ ಬಿಳಿಚಿತು. "ನಾ ಉದ್ದಂದ ಹಾಕೀನ್ರಿ. ಎರಡೂ ಕಡೆ."

"ಬೋಲ್ಟ್ ಮೇಲಿರೋ ಹಳದಿ ಗೆರೆ ನಿಂದೇ ತಾನೆ?" ಎಂದವನು ಚಿರಂಜೀವಿಯ ಜೀವದ ಗೆಳೆಯ ಶಶಿಕುಮಾರ್. ಅವನ ಕಣ್ಣುಗಳು ಕೆಂಪಾಗಿದ್ದವು.

ಬಿಗಿ ಮಾಡಿದ ಬೋಲ್ಟಿಗೆಲ್ಲ ಹಳದಿ ಬಣ್ಣದ ಗೆರೆ ಎಳೆಯುವುದು ಕಾಡಪ್ಪನ ರೂಢಿ. ಗ್ಯಾರೇಜಿಗೆ ಬರುವವರೆಲ್ಲ ಬಲ್ಲರು. ಅವನು ಉತ್ತರ ಹೇಳುವ ಮೊದಲೇ ಕಾನ್‌ಸ್ಟೇಬಲ್ ಜೀಪಿನ ಬಾಗಿಲು ತೆಗೆದ.

ಮಹಾನಂದಾ ಅಳಲಿಲ್ಲ. ಪೀಣ್ಯದ ಕಾರ್ಖಾನೆಯಲ್ಲಿ ಅವಳದು ಮಾಲು ತಪಾಸಣೆಯ ಕೆಲಸ. ದಿನಕ್ಕೆ ಎಂಟು ಗಂಟೆ ಬೇರೆಯವರ ತಪ್ಪು ಹುಡುಕುವುದಕ್ಕೇ ಸಂಬಳ. ಆ ಕಣ್ಣಿನಿಂದಲೇ ಪೈಪನ್ನು ನೋಡಿದಳು. ಅದರ ಕಬ್ಬಿಣದ ತುದಿಯಲ್ಲಿ ಚುಕ್ಕಿಚುಕ್ಕಿಯಾಗಿ ಒತ್ತಿದ್ದ ಅಂಕಿ ಕಂಡಿತು. ನಲವತ್ತೇಳು.

ತಮ್ಮನನ್ನು ಒಳಗೆ ಹಾಕಿಸಿದವನು ಯಾರೇ ಆಗಿರಲಿ, ಅವನೂ ಒಳಗೆ ಕೂರಬೇಕು. ಅಲ್ಲಿಯವರೆಗೆ ನೆಮ್ಮದಿಯಾಗಿ ಒಂದು ತುತ್ತು ಇಳಿಯದೆಂದು ಅವಳಿಗೆ ಗೊತ್ತಿತ್ತು.

* * *

ಸೋಮವಾರ ರಜೆ ಹಾಕಿ, ಲಗ್ಗೆರೆಯ ಮನೆಯಿಂದ ನೇರ ಗ್ಯಾರೇಜಿಗೆ ನಡೆದಳು. ಅವಳ ಗುಮಾನಿ ಮಾಲೀಕ ಪರಮಾನಂದನ ಮೇಲಿತ್ತು. ಹೊಸ ಪೈಪು ಉಳಿಸಿಕೊಂಡು ಹಳೆಯದನ್ನೇ ಹಾಕಿಸಿ, ಹುಡುಗನ ತಲೆಗೆ ಕಟ್ಟಿರಬೇಕು.

ಮುಖಕ್ಕೆ ಹೊಡೆದಂತೆ ಕೇಳಿಯೇಬಿಟ್ಟಳು. ಪರಮಾನಂದ ಸಿಟ್ಟಾಗಲಿಲ್ಲ. ಮೊಬೈಲ್ ಮುಂದೆ ಹಿಡಿದ.

"ನೋಡಮ್ಮಾ, ಶುಕ್ರವಾರ ಗಾಡಿ ಕೊಡೋ ಮುಂಚೆ ತೆಗೆದ ಫೋಟೋ. ಎರಡೂ ಕಡೆ ಉದ್ದದ ಪೈಪು. ಪೊಲೀಸ್ರಿಗೂ ತೋರಿಸ್ದೆ. ಆಮೇಲೆ ಕಾಡಪ್ಪನೇ ಬದಲಾಯಿಸಿರ್ತಾನೆ ಅಂದ್ರು."

"ಹರಿದ ಪೈಪಿನ ಮೇಲೆ ನಲವತ್ತೇಳು ಅಂತಿದೆ. ಏನದು?"

ಪರಮಾನಂದ ಕುರ್ಚಿಯಿಂದ ಎದ್ದುಬಿಟ್ಟ. "ಆ ಗಾಡಿ ನಂಬರಿನ ಕೊನೇ ಎರಡಂಕಿ. ಹಳೇ ಸಾಮಾನು ಬಿಚ್ಚಿದ ಮೇಲೆ ನಂಬರ್ ಒತ್ತಿ, ಚೀಲಕ್ಕೆ ಹಾಕಿ ಓನರ್‌ಗೇ ವಾಪಸ್ ಕೊಡ್ತೀವಿ. ಇದು ನಮ್ಮದಲ್ಲ ಅಂತ ಆಮೇಲೆ ಜಗಳ ಬೇಡ ಅಂತ. ಗಾಡೀಲಿರೋ ಪೈಪಿಗೆ ನಂಬರ್ ಒತ್ತೋದೇ ಇಲ್ಲ."

ಅಂದರೆ ಆ ಪೈಪು ಒಮ್ಮೆ ಬಿಚ್ಚಿ ಚೀಲ ಸೇರಿತ್ತು. ಚೀಲದಿಂದ ಮತ್ತೆ ಗಾಡಿಗೆ ಹೋಗಿತ್ತು.

"ಚೀಲ ಯಾರ ಹತ್ರ ಹೋಯ್ತು?"

"ಗಾಡಿ ಜೊತೇಲೇ. ಚಿರಂಜೀವಿ ಸಾರ್ ತಗೊಂಡು ಹೋದ್ರು. ಶನಿವಾರ ಕಾಡಪ್ಪ ಬೆಳಿಗ್ಗೆಯಿಂದ ಸಂಜೆವರೆಗೂ ನನ್ನ ಕಣ್ಮುಂದೆನೇ ಇದ್ದ."

ಪರಮಾನಂದ ಕೆಲಸದ ಪ್ಲಾನ್ ಹಾಳೆಯನ್ನೂ ಕೊಟ್ಟ. ಎಷ್ಟು ಇಂಚು, ಯಾವ ಗೇರು, ಎಷ್ಟುದ್ದದ ಪೈಪು, ಎಲ್ಲ ಅಚ್ಚುಕಟ್ಟಾಗಿತ್ತು. ಬರೆದುಕೊಟ್ಟವನು ಶಶಿಕುಮಾರ್. ಎರಡಿಂಚು ಸಾಕೆಂದು ಕಾಡಪ್ಪ ಹೇಳಿದರೂ, ನಾಲ್ಕೇ ಆಗಬೇಕೆಂದು ಹಟ ಹಿಡಿದವನೂ ಅವನೇ.

* * *

ಮಾರತ್ತಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ ಚಿರಂಜೀವಿಯ ಹೆಂಡತಿ ವೇಣಿ ಬಾಗಿಲು ಅರ್ಧ ತೆರೆದಳು.

"ನನ್ನ ಗಂಡನ್ನ ಕೊಂದವನ ಅಕ್ಕ ನೀನು. ಯಾವ ಮುಖ ಇಟ್ಕೊಂಡು ಬಂದೆ?"

"ಕೊಂದವನನ್ನ ಹುಡುಕ್ಕೊಂಡು ಬಂದಿದೀನಿ ಮೇಡಂ. ನಿಮಗೂ ಅವನೇ ಬೇಕು, ನನಗೂ ಅವನೇ ಬೇಕು."

ವೇಣಿ ಬಾಗಿಲನ್ನು ಪೂರ್ತಿ ತೆರೆದಳು.

"ಶುಕ್ರವಾರ ಗಾಡಿ ಇಲ್ಲೇ ಇತ್ತಾ?"

"ಎಲ್ಲಿ? ಬೇಸ್‌ಮೆಂಟ್ ಪಾರ್ಕಿಂಗ್ ಬೀಮಿಗೆ ತಲೆ ತಾಗ್ತು, ಒಳಗೆ ಹೋಗ್ಲೇ ಇಲ್ಲ. ಹಿಡಿಸುತ್ತೆ ಅಂತ ಶಶಿನೇ ಹೋದ ತಿಂಗಳು ಟೇಪ್ ಹಿಡಿದು ಅಳೆದು ಹೇಳಿದ್ದ. ಎರಡಿಂಚು ಎತ್ತರ ಜಾಸ್ತಿಯಾಯ್ತು. ಅವನೇ ತನ್ನ ತೋಟದ ಶೆಡ್ಡಲ್ಲಿ ನಿಲ್ಲಿಸ್ಕೊಂಡ. ಶನಿವಾರ ಸಂಜೆ ಹಳೇ ಸಾಮಾನಿನ ಚೀಲ ಮಾತ್ರ ತಂದುಕೊಟ್ಟ."

ಚೀಲ ಬಾಲ್ಕನಿಯಲ್ಲಿತ್ತು. ಹಳೆಯ ಸ್ಪ್ರಿಂಗು, ಶಾಕು, ಗೇರು. ಪ್ಲಾನ್ ಹಾಳೆಯ ಪ್ರಕಾರ ಬ್ರೇಕ್ ಪೈಪು ಮುಂದಿನವು ಎರಡು, ಹಿಂದಿನದು ಒಂದು, ಒಟ್ಟು ಮೂರಿರಬೇಕಿತ್ತು. ಹಿಂದಿನದು ಮಾತ್ರ ಇತ್ತು.

* * *

ಶಶಿಕುಮಾರನ ತೋಟದ ಕಾವಲುಗಾರ ಇರಣ್ಣ ಯಾದಗಿರಿ ಕಡೆಯವನು. ಮಹಾನಂದಾ ಅವನ ಭಾಷೆಯಲ್ಲೇ ಮಾತು ತೆಗೆದಳು. ಕೇಳಬೇಕಾದ ಪ್ರಶ್ನೆ ಒಂದೇ ಇತ್ತು. ಅದನ್ನು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದಳು.

"ಕಾಕಾ, ಶನಿವಾರ ನಿಮ್ಮ ಸಾಹೇಬ್ರು ನಿಮ್ಮನ್ನ ಆ ದೊಡ್ಡ ಗಾಡ್ಯಾಗ ಕುಂಡ್ರಿಸಿ ಬ್ರೇಕ್ ತುಳಿಸಿದ್ರೇನು?"

"ಹೌದವಾ. ನಿನಗ ಯಾರು ಹೇಳಿದ್ರು? ತುಳಿ ಅಂದ್ರ ತುಳಿಯೋದು, ಬಿಡು ಅಂದ್ರ ಬಿಡೋದು. ಅರ್ಧ ತಾಸು ಇದ ಆತು. ಅವರು ಚಕ್ರದ ಕೆಳಗ ಮಲಗಿದ್ರು."

ಮಹಾನಂದಾ ಅಲ್ಲಿಂದಲೇ ಭದ್ರಮ್ಮನಿಗೆ ಫೋನ್ ಮಾಡಿದಳು.

* * *

ಶಶಿಕುಮಾರ್ ಶೆಡ್ಡಿನಲ್ಲೇ ಸಿಕ್ಕಿದ. ಭದ್ರಮ್ಮ ಕುರ್ಚಿ ಎಳೆದುಕೊಂಡು ಕೂತರು. ಮಾತಾಡಿದವಳು ಮಹಾನಂದಾ.

"ಬ್ರೇಕ್ ಪೈಪು ಬಿಚ್ಚಿದ್ರೆ ಒಳಗೆ ಗಾಳಿ ಸೇರುತ್ತೆ ಸಾರ್. ಆ ಗಾಳಿ ತೆಗೀಬೇಕಂದ್ರೆ ಒಬ್ಬರು ಪೆಡಲ್ ತುಳೀಬೇಕು, ಇನ್ನೊಬ್ಬರು ಕೆಳಗೆ ನಟ್ಟು ಸಡಿಲಿಸಬೇಕು. ಗಾಳಿ ಒಳಗೇ ಉಳಿದಿದ್ರೆ ಬ್ರೇಕ್ ಹಿಡೀತಿರ್ಲಿಲ್ಲ, ಚಿರಂಜೀವಿ ಸಾರ್‌ಗೆ ಕ್ವಾರಿ ಮುಟ್ಟೋ ಮುಂಚೆನೇ ಗೊತ್ತಾಗ್ತಿತ್ತು. ಅದಕ್ಕೆ ಇರಣ್ಣ ಕಾಕಾನ ಕೂರಿಸಿದ್ರಿ. ಹಳೇ ಪೈಪು ಹಾಕಿ, ನನ್ನ ತಮ್ಮನ ಗೆರೆ ಎಳೆದ್ರಿ. ನಂಬರ್ ಒತ್ತಿದ್ದು ಮಾತ್ರ ನಿಮ್ಮ ಕಣ್ಣಿಗೆ ಬೀಳ್ಲಿಲ್ಲ."

ಮಹಾನಂದಾ ಪ್ಲಾನ್ ಹಾಳೆಯನ್ನು ಅವನ ಮುಂದಿಟ್ಟಳು.

"ಅದಕ್ಕೂ ಮುಂಚೆ ಬೀಮು ಅಳೆದ್ರಿ. ಎರಡಿಂಚು ಎತ್ತರಿಸಿದ್ರೆ ಗಾಡಿ ಮನೆಗೆ ಹೋಗ್ತಿತ್ತು. ನಾಲ್ಕಿಂಚಾದ್ರೆ ನಿಮ್ಮ ಶೆಡ್ಡಿಗೇ ಬರಬೇಕಿತ್ತು."

"ಎರಡು ವರ್ಷ," ಎಂದ ಶಶಿಕುಮಾರ್. ಸ್ವರ ಒಣಗಿತ್ತು. "ಎರಡು ವರ್ಷ ಚಿರಂಜೀವಿ ಹೆಗಲ ಮೇಲೆ ಕೈ ಹಾಕ್ಕೊಂಡು ತಿರುಗಿದೀನಿ. ಅದೇ ಕ್ವಾರೀಲಿ ಮುಂಚೆ ಒಂದು ಆಕ್ಸಿಡೆಂಟ್ ಆಗಿತ್ತು. ಗಾಡಿ ಓಡಿಸಿದ್ದು ಅವನು, ಕುಡಿದಿದ್ದು ಅವನು. ಪಕ್ಕದಲ್ಲಿ ಕೂತಿದ್ದ ನನ್ನ ತಮ್ಮ ಈರೇಶ್ ಸತ್ತ. ಪೊಲೀಸ್ರು ಬಂದಾಗ, ಈರೇಶೇ ಕುಡಿದು ಓಡಿಸ್ತಿದ್ದ ಅಂದುಬಿಟ್ಟ. ಒಂದಿನ ಪಾರ್ಟೀಲಿ ಅಮಲೇರಿ ಅವನೇ ನನಗೆ ಬಾಯಿಬಿಟ್ಟ. ನಮ್ಮಮ್ಮ ಮಗನ್ನ ಕುಡುಕ ಅಂತ ಬೈಕೊಂಡೇ ಕಣ್ಮುಚ್ಚಿದ್ಲು. ಇದಕ್ಕೇನು ಶಿಕ್ಷೆ ಹೇಳು?"

ಅವನ ಸಂಕಟ ಮಹಾನಂದಾಳಿಗೆ ಅರ್ಥವಾಯಿತು. ಅರ್ಥವಾದದ್ದಕ್ಕೇ ಸಿಟ್ಟು ಇನ್ನೂ ಏರಿತು.

"ತಮ್ಮನ ಮೇಲೆ ಸುಳ್ಳು ಹೊರಿಸಿದ್ರೆ ಹೆಂಗಿರುತ್ತೆ ಅಂತ ಈ ಊರಲ್ಲಿ ನಿಮ್ಮಷ್ಟು ಗೊತ್ತಿದ್ದವರು ಯಾರೂ ಇರ್ಲಿಲ್ಲ. ಗೊತ್ತಿದ್ದೂ ನನ್ನ ತಮ್ಮನ ಮೇಲೆ ಹೊರಿಸಿದ್ರಿ."

"ನಿನ್ನ ತಮ್ಮನ ಮೇಲೆ ನನಗೆ ದ್ವೇಷ ಇರ್ಲಿಲ್ಲ ಅಕ್ಕ. ಕ್ಷಮಿಸಿಬಿಡು."

"ಕ್ಷಮಿಸಲ್ಲ. ಕೋರ್ಟಿಗೆ ಎಷ್ಟು ಸಲ ಕರೆದ್ರೂ ರಜೆ ಹಾಕಿ ಬರ್ತೀನಿ. ಇವತ್ತು ಹೇಳಿದ್ದನ್ನೇ ಪ್ರತಿ ಸಲ ಹೇಳ್ತೀನಿ."

ಭದ್ರಮ್ಮ ಎದ್ದು ನಿಂತರು. ಕಾನ್‌ಸ್ಟೇಬಲ್ ಶಶಿಕುಮಾರನ ಕೈ ಹಿಡಿದ. ಬಾಗಿಲ ತನಕ ಹೋಗುವುದನ್ನು ನೋಡಿದ ಮಹಾನಂದಾ ಹಿಂದಿನಿಂದ ಕರೆದಳು.

"ಮೇಡಂ, ಆ ದಿನ ಗಾಡಿ ಓಡಿಸ್ತಿದ್ದದ್ದು ಈರೇಶ್ ಅಲ್ಲ ಅನ್ನೋದನ್ನೂ ಬರ್ಕೊಳ್ಳಿ."

ಭದ್ರಮ್ಮ ತಲೆಯಾಡಿಸಿದರು. ಶಶಿಕುಮಾರ್ ಅಲ್ಲಿಯವರೆಗೂ ಗಟ್ಟಿಯಾಗಿಯೇ ಇದ್ದ. ಆ ಮಾತು ಕಿವಿಗೆ ಬಿದ್ದದ್ದೇ ಬಾಗಿಲಿಗೆ ಒರಗಿ ಅಳತೊಡಗಿದ. ಅವನನ್ನು ಜೀಪು ಹತ್ತಿಸುವವರೆಗೂ ಮಹಾನಂದಾ ಕಣ್ಣು ತೆಗೆಯದೆ ನೋಡುತ್ತ ನಿಂತಳು.