ಎರಡು ಸೈಜು ದೊಡ್ಡದು

ಎಡಗಾಲಿನ ಶೂ ಸಾಂತಿಗಿಂತ ಮೊದಲೇ ಮುಂದೆ ಹೋಯಿತು.

"ಲೆಫ್ಟ್!" ಎಂದು ನಟರಾಜನ್ ಸರ್ ಕೂಗಿದ್ದರು. ಸಾಂತಿ ಕಾಲೆತ್ತಿದ್ದೇ ತಡ, ಬಿಳಿ ಕ್ಯಾನ್ವಾಸ್ ಶೂ ಹಾರಿಹೋಗಿ ಸರ್ ಕಾಲಬುಡದಲ್ಲೇ ಬಿತ್ತು. ಅದರ ಮೂತಿಯೊಳಗಿಂದ ಬನಿಯನ್ ಬಟ್ಟೆಚೂರುಗಳ ಉಂಡೆಯೊಂದು ಹೊರಬಂದು ಬಿಚ್ಚಿಕೊಂಡಿತು. ಒಂದು ಚೂರು ಗುಲಾಬಿ, ಇನ್ನೊಂದು ನೀಲಿ, ಮತ್ತೊಂದಕ್ಕೆ ಹಳದಿ ಪಟ್ಟೆ. ಇಡೀ ಐದನೇ ಕ್ಲಾಸು ಬಿದ್ದು ಬಿದ್ದು ನಕ್ಕಿತು.

ಸರ್ ಮಾತ್ರ ನಗಲಿಲ್ಲ. "ಇದು ಶೂನಾ, ಇಲ್ಲ ದೋಣಿನಾ?" ಎಂದು ತಮಿಳಿನಲ್ಲಿ ಕೇಳಿದರು. "ಜನವರಿ ಇಪ್ಪತ್ತಾರಕ್ಕೆ ಬಾವುಟ ಹಿಡಿದು ಮುಂದೆ ನಡೆಯೋಳು ನೀನು. ಕಾಲಿಗೆ ಸರಿಹೋಗೋ ಶೂ ಹಾಕ್ಕೊಂಡು ಬಾ. ಇಲ್ಲಾಂದ್ರೆ ಚಂದ್ರಾ ಮುಂದೆ ನಿಲ್ತಾಳೆ."

ಚಂದ್ರಾ ತನ್ನ ಶೂಗಳನ್ನು ಒಮ್ಮೆ ನೋಡಿಕೊಂಡಳು. ಅವು ಅವಳ ಕಾಲಿಗೆ ಅಳತೆ ತೆಗೆದು ಮಾಡಿದ ಹಾಗಿದ್ದವು. ಸಾಂತಿಗೆ ಅಳು ಬಂತು. ಆದರೆ ಬಟ್ಟೆಚೂರು ಆರಿಸಿಕೊಳ್ಳುವ ಕೆಲಸವಿತ್ತು. ಎರಡನ್ನೂ ಒಟ್ಟಿಗೆ ಮಾಡುವುದು ಕಷ್ಟ.

ಆ ಶೂ ಆರಿಸಿದ್ದು ಅಜ್ಜಿ ಕಾಮಾಕ್ಷಿಯಮ್ಮ. ಮನೆಗೆ ಏನೇ ಬರಲಿ, ಅಜ್ಜಿಯ ಬೆರಳು ಮುಟ್ಟದೆ ಬರುವಂತಿಲ್ಲ. ಅವಳ ಲೆಕ್ಕ ಒಂದೇ, ಎರಡು ಸೈಜು ದೊಡ್ಡದು. ಸಾಂತಿಯ ಸ್ಕರ್ಟಿನ ಅಂಚನ್ನು ಒಳಗೆ ಮಡಿಸಿ ಹೊಲಿದಿತ್ತು. ಶರ್ಟಿನ ಅರ್ಧ ತೋಳು ಮೊಣಕೈ ದಾಟಿ ಬರುತ್ತಿತ್ತು.

"ಬೆಳಿಯೋ ಮಕ್ಳಿಗೆ ಅಳತೆಗೆ ಸರಿಯಾಗಿ ತಗಳ್ಳೋದು, ಹೊಳೇಲಿ ಹುಣಸೆಹಣ್ಣು ತೊಳೆದಂಗೆ" ಎನ್ನುತ್ತಿದ್ದಳು ಅಜ್ಜಿ.

ದೊಡ್ಡದಾದ ಕಡೆಗೆಲ್ಲ ತುರುಕಲು ಬನಿಯನ್ ಚೂರು ಇದ್ದೇ ಇತ್ತು. ತಿರುಪ್ಪೂರಿನ ಕಂಪನಿಗಳಲ್ಲಿ ಕತ್ತರಿಸಿ ಉಳಿದದ್ದು ಅವರ ಊರು ಪಲ್ಲಡದ ಮನೆಮನೆಗೂ ಬರುತ್ತಿತ್ತು. ದಿಂಬಿಗೂ ಅದೇ, ನೆಲ ಒರೆಸಲೂ ಅದೇ, ಸಾಂತಿಯ ಶೂಗೂ ಅದೇ.

ಸಂಜೆ ಮನೆಗೆ ಬಂದರೆ ಅಲ್ಲಿ ಬೇರೆಯೇ ಜಗಳ ನಡೆದಿತ್ತು.

ಅಪ್ಪ ರಾಜೇಂದ್ರನ್ ಮನೆಯ ಮಗ್ಗದಲ್ಲಿ ನೇಯ್ದ ಬಟ್ಟೆಯನ್ನು ತಿರುಪ್ಪೂರಿಗೆ ಒಯ್ದು ಕೊಡುತ್ತಿದ್ದ. ಪೊಂಗಲ್‌ಗೆ ಮುಂಚೆ ಒಂದು ಹಳೆಯ ಮೋಟರ್‌ಸೈಕಲ್ ಕೊಂಡಿದ್ದ. ಅವತ್ತು ತಿರುವಿನಲ್ಲಿ ಮರಳಿನ ಮೇಲೆ ಜಾರಿ ಬಿದ್ದು ಮೊಣಕೈ ತರಚಿಕೊಂಡಿದ್ದ. ಅಮ್ಮ ರುಕ್ಮಣಿ ಅರಿಶಿನ ಹಚ್ಚಿದಳು, ಆಮೇಲೆ ಬಂಡಿಯ ಕೀಯನ್ನು ತನ್ನ ಸೆರಗಿನ ತುದಿಗೆ ಕಟ್ಟಿಕೊಂಡಳು.

"ಕೀ ಕೊಡು ರುಕ್ಮಣಿ. ನಾಳೆ ಬಟ್ಟೆ ಕೊಡ್ಬೇಕು."

"ಬಸ್ಸಲ್ಲಿ ಹೋಗಿ ಕೊಡಿ. ಇವತ್ತು ಮೊಣಕೈ. ನಾಳೆ ಮಂಡೆ ಒಡೆದ್ರೆ? ತಲೆಗೆ ಹೆಲ್ಮೆಟ್ ಬರೋವರ್ಗು ಬಂಡಿ ಹೊರಗೆ ಹೋಗಂಗಿಲ್ಲ."

"ನಂಗೆ ಶೂ ಬೇಕು" ಎಂದಳು ಸಾಂತಿ, ಇಬ್ಬರ ನಡುವೆ ನಿಂತು.

ಅಪ್ಪ ಅವಳ ಕಾಲನ್ನು ನೋಡಿದ. ನಡೆದದ್ದನ್ನೆಲ್ಲ ಕೇಳಿ ನಗು ತಡೆದುಕೊಂಡ. "ಸೆರಿ ನನ್ ಕಣ್ಣೇ. ಭಾನುವಾರ ತಿರುಪ್ಪೂರ್‌ಗೆ ಹೋಗೋಣ. ಹೆಲ್ಮೆಟ್ ತಗಂಡು ದುಡ್ಡು ಉಳಿದ್ರೆ ನಿಂಗೆ ಶೂ."

ಭಾನುವಾರ ಅಜ್ಜಿಯೂ ಹೊರಟಳು. ಅವಳ ಬಟ್ಟೆಚೀಲದಲ್ಲಿ ಒಂದಿಷ್ಟು ಬನಿಯನ್ ಚೂರೂ ಹೊರಟಿತು.

ಬಸ್ ಸ್ಟ್ಯಾಂಡಿನ ಹತ್ತಿರ ಗೋವಿಂದಸಾಮಿಯ ಮೋಟರ್ ಸಾಮಾನಿನ ಅಂಗಡಿ. ಹೆಲ್ಮೆಟ್ಟು, ಜಾಕೆಟ್ಟು, ಗ್ಲೌಸು, ಕೂಲಿಂಗ್ ಗ್ಲಾಸು ಎಲ್ಲವೂ ನೇತಾಡುತ್ತಿದ್ದವು. ಎದುರಿಗೇ ಒಂದು ಚಪ್ಪಲಿ ಅಂಗಡಿ. ಅದರ ಗಾಜಿನ ಹಿಂದೆ ಬಿಳಿ ಕ್ಯಾನ್ವಾಸ್ ಶೂ ಸಾಲಾಗಿ ಕೂತಿದ್ದವು. ಸಾಂತಿ ಈ ಅಂಗಡಿಯಲ್ಲಿ ನಿಂತು ಆ ಅಂಗಡಿಯನ್ನೇ ನೋಡುತ್ತಿದ್ದಳು.

ಅಪ್ಪನ ಕಣ್ಣು ಮೊದಲು ಹೋದದ್ದು ಕರೀ ಜಾಕೆಟ್ಟಿನ ಮೇಲೆ. ಹಾಕಿಕೊಂಡು ಕನ್ನಡಿಯ ಮುಂದೆ ಎದೆಯುಬ್ಬಿಸಿ ನಿಂತ. ಸಿನಿಮಾ ಪೋಸ್ಟರಿನಲ್ಲಿ ನಿಂತವರ ಹಾಗೆಯೇ ಕಂಡ, ಹೊಟ್ಟೆಯೊಂದನ್ನು ಬಿಟ್ಟರೆ. ಆದರೆ ಅಷ್ಟರಲ್ಲೇ ಹಣೆಯಿಂದ ಬೆವರು ಇಳಿಯತೊಡಗಿತು.

"ತೆಗಿ ಅದ" ಎಂದಳು ಅಜ್ಜಿ. "ಒಳಗೆ ಹಿಟ್ಟು ಹುಯ್ದ್ರೆ ಇಡ್ಲಿ ಬೆಂದೋತದೆ."

ಗೋವಿಂದಸಾಮಿಗೆ ಇವರ ಮನೆಮಾತು ಕನ್ನಡ ಬಾರದು. ಆದರೂ ಇಡ್ಲಿ ಅರ್ಥವಾಗಿ ನಕ್ಕರು. ಗ್ಲೌಸ್ ತೋರಿಸಿದರು. ಅಜ್ಜಿ ಅದನ್ನು ಬೆರಳಿನಲ್ಲಿ ಉಜ್ಜಿ ನೋಡಿ, ಇದಕ್ಕಿಂತ ದಪ್ಪ ಬಟ್ಟೆ ಮನೆಯಲ್ಲಿದೆ, ರುಕ್ಮಣಿ ಹೊಲಿದುಕೊಡುತ್ತಾಳೆ ಎಂದಳು. ಕಾಲಿಗೆ ಅಪ್ಪನ ಮದುವೆಯ ಶೂ ಮನೆಯ ಪೆಟ್ಟಿಗೆಯಲ್ಲೇ ಇತ್ತು. ಉಳಿದದ್ದು ತಲೆ.

ಗೋವಿಂದಸಾಮಿ ಒಂದು ಕೆಂಪು ಹೆಲ್ಮೆಟ್ ಕೊಟ್ಟರು. ಅದು ಅಪ್ಪನ ತಲೆಗೆ ಬಿಗಿಯಾಗಿ ಕೂತಿತು, ಕೆನ್ನೆ ಸ್ವಲ್ಪ ಉಬ್ಬಿತು. ರೇಟು ಕೇಳಿ ಉಬ್ಬಿದ ಕೆನ್ನೆ ಇಳಿದುಹೋಯಿತು.

"ಕಮ್ಮಿಯದು ಇಲ್ವಾ?"

ಅವರು ಅಟ್ಟದಿಂದ ಒಂದು ಹಸಿರು ಹೆಲ್ಮೆಟ್ ಇಳಿಸಿ ಧೂಳು ಒರೆಸುತ್ತ ತಮಿಳಿನಲ್ಲೇ ಹೇಳಿದರು. "ಇದೂ ಒಳ್ಳೇ ಸಾಮಾನೇ. ಸೈಜು ದೊಡ್ಡದು. ಇದಕ್ಕಾಗೋ ತಲೆ ಇನ್ನೂ ತಿರುಪ್ಪೂರ್‌ಗೆ ಬಂದಿಲ್ಲ. ಅರ್ಧ ರೇಟಿಗೆ ಕೊಡ್ತೀನಿ."

ಅಜ್ಜಿಯ ಮುಖ ಅರಳಿತು. ಒಳಗೆ ಕೈಹಾಕಿ ಬಟ್ಟೆ ಸವರಿದಳು. "ನೋಡಪ್ಪ, ಸಾಮಾನು ಜಾಸ್ತಿ, ರೇಟು ಕಮ್ಮಿ. ಇನ್ನೇನ್ ಬೇಕು?" ಎಂದು ಚೀಲದಿಂದ ಬನಿಯನ್ ಚೂರು ತೆಗೆದು ಹೆಲ್ಮೆಟ್ಟಿನೊಳಗೆ ಸುತ್ತಲೂ ತುರುಕಿದಳು. ಅಪ್ಪ ಹಾಕಿಕೊಂಡು ನೆಟ್ಟಗೆ ನಿಂತ. ಹೆಲ್ಮೆಟ್ಟೂ ನೆಟ್ಟಗೆ ನಿಂತಿತು.

"ಸರಿಯಾಗೇ ಐತಲ್ಲವ್ವ!" ಎಂದು ಅಪ್ಪ ಸಾಂತಿಯ ಕಡೆ ತಿರುಗಿ ಕಣ್ಣು ಮಿಟುಕಿಸಿದ. "ಉಳಿದಿದ್ರಲ್ಲಿ ನಿಂಗೆ ಶೂ!"

ಸಾಂತಿಗೆ ಕುಣಿಯುವಷ್ಟು ಖುಷಿಯಾಯಿತು. ಆದರೆ ಅಪ್ಪ ತಿರುಗಿದಾಗ ಅವಳೊಂದು ವಿಷಯ ನೋಡಿಬಿಟ್ಟಿದ್ದಳು. ಅಪ್ಪನ ಮುಖ ಅವಳ ಕಡೆ ತಿರುಗಿತ್ತು. ಹೆಲ್ಮೆಟ್ ಮಾತ್ರ ಇನ್ನೂ ಬೀದಿಯನ್ನೇ ನೋಡುತ್ತಿತ್ತು.

ಅವಳ ಶೂ ಕೂಡ ಹೀಗೆಯೇ. ನಿಂತಾಗ ಅದರಷ್ಟು ಒಳ್ಳೆಯ ಶೂ ಇನ್ನೊಂದಿಲ್ಲ. ಹಾರಿದ್ದು ಕಾಲೆತ್ತಿದಾಗ.

ಸಾಂತಿ ಎದುರಿನ ಅಂಗಡಿಯನ್ನು ನೋಡಿದಳು. ಸುಮ್ಮನಿದ್ದರೆ ಸಾಕಿತ್ತು. ಬಾಯಿಮುಚ್ಚಿಕೊಂಡು ರಸ್ತೆ ದಾಟಿದರೆ ಶೂ ಅವಳದು, ಬಾವುಟ ಅವಳದು, ಚಂದ್ರಾ ಹಿಂದೆ. ದೊಡ್ಡವರು ಮೂವರೂ ಸರಿ ಎನ್ನುತ್ತಿದ್ದಾರೆ, ನನಗೇನು ಗೊತ್ತು ಎಂದುಕೊಂಡಳು. ಆದರೆ ಅವಳಿಗೆ ಗೊತ್ತಿತ್ತು. ಆ ಮೂವರಲ್ಲಿ ಯಾರ ಶೂ ಕೂಡ ಇಡೀ ಕ್ಲಾಸಿನ ಮುಂದೆ ಹಾರಿರಲಿಲ್ಲ.

ಅಪ್ಪ ದುಡ್ಡು ತೆಗೆಯಲು ಜೇಬಿಗೆ ಕೈಹಾಕಿದ.

"ಅಪ್ಪಾ" ಎಂದಳು ಸಾಂತಿ. "ನಿನ್ ತಲೆ ಇನ್ನೂ ಬೆಳೀತದಾ?"

ಅಪ್ಪನ ಕೈ ಜೇಬಿನಲ್ಲೇ ನಿಂತಿತು. "ಯಾಕೆ?"

"ದೊಡ್ಡದು ತಗೊತಿದ್ದೀಯಲ್ಲ, ಅದಕ್ಕೆ."

ಸಾಂತಿಗೆ ಈಗ ಧೈರ್ಯ ಬಂದಿತ್ತು. "ಅಪ್ಪಾ, ಲೆಫ್ಟ್ ರೈಟ್ ಮಾಡು. ಜೋರಾಗಿ!"

"ಇಲ್ಲೇನಾ?"

"ಇಲ್ಲೇ. ಲೆಫ್ಟ್! ರೈಟ್! ಲೆಫ್ಟ್! ಅಬೌಟ್ ಟರ್ನ್!"

ಅಪ್ಪ ಅಂಗಡಿಯ ನಡುವೆ ಧಡ್ ಧಡ್ ಎಂದು ಕಾಲು ಹಾಕಿ ಗಿರ್ರನೆ ತಿರುಗಿದ. ಹೆಲ್ಮೆಟ್ ಜಾರಿ ಮೂಗಿನ ಮೇಲೆ ಕೂತಿತು. ಗುಲಾಬಿ ಬಟ್ಟೆಚೂರೊಂದು ಕಿವಿಯ ಪಕ್ಕ ಜೋಲಾಡಿತು. ಒಳಗಿಂದ ಅಪ್ಪನ ದನಿ ಬಂತು. "ಯಾರಾದ್ರೂ ಲೈಟ್ ಹಾಕ್ರಪ್ಪ!"

ಗೋವಿಂದಸಾಮಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಮ್ಮಿಣಿ, ನನ್ ಯಾಪಾರ ಕೆಡಿಸಿದ್ಯಲ್ಲ!" ಎಂದು ಹಸಿರು ಹೆಲ್ಮೆಟ್ಟನ್ನು ತಾವೇ ಮತ್ತೆ ಅಟ್ಟಕ್ಕೆ ಏರಿಸಿದರು. ಕೆಂಪು ಹೆಲ್ಮೆಟ್ಟಿನ ಪಟ್ಟಿಯನ್ನು ಅಪ್ಪನ ಗದ್ದಕ್ಕೆ ಬಿಗಿದು ತೋರಿಸಿದರು. ಅಪ್ಪ ಇನ್ನೊಮ್ಮೆ ಲೆಫ್ಟ್ ರೈಟ್ ಮಾಡಿದ. ಅದು ಅಲುಗಲಿಲ್ಲ.

ದುಡ್ಡು ಕೊಟ್ಟಾದ ಮೇಲೆ ಉಳಿದದ್ದು ಬಸ್ ಚಾರ್ಜ್ ಮಾತ್ರ. ಅಪ್ಪ ಎದುರಿನ ಅಂಗಡಿಯನ್ನು ನೋಡಲಿಲ್ಲ. ಸಾಂತಿಯೂ ನೋಡಲಿಲ್ಲ. ಇಬ್ಬರಿಗೂ ಅದು ಅಲ್ಲೇ ಇದೆ ಎಂದು ಗೊತ್ತಿತ್ತು.

ಬಸ್ಸಿನಲ್ಲಿ ಅಜ್ಜಿ ಸಾಂತಿಯ ಕಾಲೆತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು. ಶೂ ಬಿಚ್ಚಿ, ಹಳೆಯ ಉಂಡೆ ತೆಗೆದು, ಹೊಸ ಚೂರುಗಳನ್ನು ಮಡಿಸಿ ಮಡಿಸಿ ಒಳಗಿಟ್ಟಳು.

"ತಲೆ ಬೆಳಿಯಲ್ಲ, ಸೆರಿ" ಎಂದಳು ಕೊನೆಗೆ. "ಕಾಲು ಬೆಳೀತದೆ."

ಮನೆಯಲ್ಲಿ ಅಮ್ಮ ಹೆಲ್ಮೆಟ್ಟನ್ನು ತೆಂಗಿನಕಾಯಿಯ ಹಾಗೆ ತಟ್ಟಿ ನೋಡಿದಳು. ಅಪ್ಪನ ತಲೆಗೆ ಹಾಕಿ ಎಳೆದಳು, ಅಲ್ಲಾಡಿಸಿದಳು. ಆಮೇಲೆ ಸೆರಗಿನ ಗಂಟು ಬಿಚ್ಚಿದಳು.

ಜನವರಿ ಇಪ್ಪತ್ತಾರರ ಬೆಳಿಗ್ಗೆ ಬಾವುಟ ಹಿಡಿದು ಮುಂದೆ ನಡೆದವಳು ಚಂದ್ರಾ. ನಟರಾಜನ್ ಸರ್ ಹೇಳಿದ ಮಾತು ತಪ್ಪುವವರಲ್ಲ. ಸಾಂತಿ ಕೊನೆಯ ಸಾಲಿನಲ್ಲಿ, ಕಾಂಪೌಂಡಿನ ಪಕ್ಕ ನಿಂತಳು. ಬಾವುಟದ ತುದಿ ಮಾತ್ರ ಕಾಣುತ್ತಿತ್ತು. ಅವಳಿಗೆ ಹೊಟ್ಟೆಕಿಚ್ಚಾಯಿತು. ಸ್ವಲ್ಪ ಅಲ್ಲ, ಚೆನ್ನಾಗಿಯೇ ಆಯಿತು.

"ಲೆಫ್ಟ್! ರೈಟ್!"

ಸಾಂತಿ ಕಾಲ್ಬೆರಳುಗಳನ್ನು ಒಳಗೆ ಮಡಿಸಿ ಬಟ್ಟೆಚೂರನ್ನು ಹಿಡಿದುಕೊಂಡು ನಡೆದಳು.

ಆಗ ರಸ್ತೆಯಿಂದ ಗೊತ್ತಿರುವ ಸದ್ದೊಂದು ಬಂತು. ಬಟ್ಟೆಯ ಗಂಟು ಕಟ್ಟಿದ ಹಳೆಯ ಬಂಡಿ ಡಬಡಬ ಎನ್ನುತ್ತ ಬಂದು ತಿರುವಿನಲ್ಲಿ ನಿಧಾನವಾಯಿತು. ಕಾಂಪೌಂಡಿನ ಮೋಟು ಗೋಡೆಯ ಮೇಲುಗಡೆ ಕೆಂಪು ಹೆಲ್ಮೆಟ್ ಮಾತ್ರ ಸಾಗುತ್ತಿತ್ತು. ಮುಂದಿನ ಸಾಲಿನವರಿಗೆ ಅದು ಕಾಣುವಂತಿರಲಿಲ್ಲ.

ಅಪ್ಪ ಅವಳನ್ನು ಹುಡುಕುತ್ತ ಸ್ಕೂಲಿನ ಕಡೆ ತಲೆ ತಿರುಗಿಸಿದ. ಹೆಲ್ಮೆಟ್ಟೂ ಜೊತೆಗೇ ತಿರುಗಿತು.

ಸಾಂತಿ ಬೆರಳುಗಳನ್ನು ಇನ್ನಷ್ಟು ಬಿಗಿಯಾಗಿ ಮಡಿಸಿ, ಎಡಗಾಲನ್ನು ಎತ್ತರಕ್ಕೆ ಎತ್ತಿದಳು.