ಎರಡನೆಯ ಚಮಚ

ಕೊಸಾರಮ್ಮನ ಮನೆಯ ಪೂರ್ವದ ಗೋಡೆ ಖಾಲಿಯಾಗಿದ್ದನ್ನು ಮೊದಲು ಕಂಡವಳು ನಾನು. ಸಂತ ನಿಕೊಲಾನ ಪಟ ತೂಗುತ್ತಿದ್ದ ಕಡೆ ಸುಣ್ಣ ಮಾಸದ ಒಂದು ಚೌಕ ಮಾತ್ರ ಉಳಿದಿತ್ತು. ಅದರ ಮುಂದೆ ದೀಪ ಉರಿಯುತ್ತಲೇ ಇತ್ತು.

ನಾನು ಹೋಗಿದ್ದು ನನ್ನ ಕಾಡು ಸ್ಟ್ರಾಬೆರಿ ಪಾಕ ಖರ್ಚಾಯಿತೇ ಎಂದು ನೋಡಲು. ಪ್ರತಿ ಶನಿವಾರ ಇಸಿದೋರಾ ಎಂಬ ಹುಡುಗಿ ಪರದೇಶದವರನ್ನು ಬೆಲ್‌ಗ್ರೇಡಿನ ಬೀದಿಗಳಲ್ಲಿ ನಡೆಸಿಕೊಂಡು, ಸಂತೆಯಲ್ಲಿ ಕೆನೆಗಿಣ್ಣು, ಗಲ್ಲಿಯಲ್ಲಿ ಮಾಂಸ ತುಂಬಿದ ಬಿಸಿ ಬುರೆಕ್ ತಿನ್ನಿಸಿ, ನಮ್ಮ ದೊರ್ಚೊಲ್ ಕೇರಿಯ ಈ ಮನೆಗೆ ಕರೆತರುತ್ತಾಳೆ. ಮನೆಗೆ ಬಂದವರಿಗೆ ಸಿಹಿ ಪಾಕ, ತಣ್ಣೀರು ಕೊಟ್ಟು ಬರಮಾಡಿಕೊಳ್ಳುವುದನ್ನು ಅವರಿಗೆ ತೋರಿಸಲು. ಆ ವಾರ ಕೊಸಾರಮ್ಮನ ಪಾಕ ಮುಗಿದಿತ್ತು. ಬೆಳಿಗ್ಗೆ ಕೊಸಾರಮ್ಮನನ್ನು ಮಾತಾಡಿಸುವ ನೆಪದಲ್ಲಿ ಹೋಗಿ, ನಾನೇ ನನ್ನ ಪಾಕವನ್ನು ಅವರ ಗಾಜಿನ ಬಟ್ಟಲಿಗೆ ಸುರಿದು, ಯಾರಿಗೂ ಹೇಳದೆ ಬಂದಿದ್ದೆ. ಬಟ್ಟಲು ಖಾಲಿಯಾಗಿದ್ದು ನೋಡಿ ಹಿಗ್ಗಿದೆ. ಆಮೇಲೆ ಗೋಡೆ ನೋಡಿದೆ.

"ಕೊಸಾರಮ್ಮ, ಸಂತ ಎಲ್ಲಿ?"

ಕಣ್ಣಿಗೆ ಪೊರೆ ಬಂದು ನೆರಳಷ್ಟೇ ಕಾಣುವ ಮುದುಕಿ ಗೋಡೆಯತ್ತ ಮುಖ ತಿರುಗಿಸಿದರು. "ಸಂತ ಎಲ್ಲಿಗೆ ಹೋಗ್ತಾನೆ, ಮಿಲುಂಕಾ? ಬರ್ತಾನೆ. ಗಲಾಟೆ ಮಾಡಬೇಡ. ಪೊಲೀಸರಂತೂ ಬೇಡವೇ ಬೇಡ."

ಗಲಾಟೆ ಮಾಡದಿರಲು ಆಗುತ್ತದೆಯೇ? ನಮ್ಮಲ್ಲಿ ಪ್ರತಿ ಮನೆತನಕ್ಕೂ ಒಬ್ಬ ಸಂತ, ವರ್ಷಕ್ಕೊಮ್ಮೆ ಅವನ ಹಬ್ಬ; ಇವನು ನಾಲ್ಕು ತಲೆಮಾರಿನ ಮನೆಸಂತ. ಯುದ್ಧಕಾಲದಲ್ಲಿ ಹಿಟ್ಟಿನ ಚೀಲದಲ್ಲಿ ಅಡಗಿಸಿ ಕಾಪಾಡಿದ ಪಟ. ನದಿಯಾಚೆ ಜೆಮುನ್‌ನಲ್ಲಿರುವ ಕೊಸಾರಮ್ಮನ ಮಗಳು ವಿದೋಸಾವಾಗೆ ಫೋನ್ ಮಾಡಿದೆ. ಎದುರಿನ ನಮ್ಮ ಕಟ್ಟಡಕ್ಕೆ ಓಡಿ ಸ್ರೆತೆನ್‌ರನ್ನು ಕರೆತಂದೆ.

ಸ್ರೆತೆನ್ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಟಿಕೆಟ್ ಇಲ್ಲದವನು ಕಿಟಕಿಯಾಚೆ ಹೇಗೆ ನೋಡುತ್ತಾನೆ ಎಂದು ಗಮನಿಸುವುದರಲ್ಲೇ ಅವರ ಆಯಸ್ಸು ಕಳೆದಿದೆ. ಕೇರಿಯಲ್ಲಿ ಏನು ಕಳುವಾದರೂ ಜನ ಮೊದಲು ಬಡಿಯುವುದು ಅವರ ಬಾಗಿಲು. ಅವರ ಜೊತೆಗೆ ಹೋಗುವವಳು ನಾನು. ಅವರು ವಿಧುರ, ನಾನು ವಿಧವೆ. ಅವರಿಗೆ ಹುರುಳಿಕಾಯಿ ಸಾರು, ತುಂಬಿದ ಮೆಣಸಿನಕಾಯಿ ಮಾಡಿ ಕಳಿಸುತ್ತ ಎಷ್ಟೋ ವರ್ಷವಾಯಿತು. ಒಂದು ದಿನವೂ ಚೆನ್ನಾಗಿದೆ ಎಂದವರಲ್ಲ. ಆದರೆ ಆ ಇಸಿದೋರಾಳ ನಡಿಗೆಗೆ ಪ್ರತಿ ಶನಿವಾರ ಟೊಪ್ಪಿಗೆ ಹಾಕಿಕೊಂಡು ಹೊರಡುತ್ತಿದ್ದರು! "ಹುಡುಗಿ ಎಷ್ಟು ಚೆನ್ನಾಗಿ ಕತೆ ಹೇಳ್ತಾಳೆ, ಮಿಲುಂಕಾ" ಎಂದು ನನ್ನೆದುರಿಗೇ ಹೇಳುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಆ ಶನಿವಾರ ಮಂಡಿನೋವೆಂದು ಅವರು ಹೋಗಿರಲಿಲ್ಲ, ನನಗೆ ಅದೇ ಸಮಾಧಾನ.

ನಾವು ಹೋಗುವಷ್ಟರಲ್ಲಿ ಇಸಿದೋರಾ ನಡಿಗೆ ಮುಗಿಸಿ ಬಂದಿದ್ದಳು. ಅವಳು ಕೊಸಾರಮ್ಮನ ಹಿಂದಿನ ಕೋಣೆಯ ಬಾಡಿಗೆದಾರಳು, ತಂದೆತಾಯಿ ಇಲ್ಲದವಳು. ಖಾಲಿ ಗೋಡೆ ನೋಡಿ ಅವಳ ಮುಖ ಬಿಳಿಚಿಕೊಂಡಿತ್ತು.

"ಸ್ರೆತೆನ್ ಚಿಕ್ಕಪ್ಪ, ನಾನು ಪಟದ ಕಡೆ ನೋಡಲೇ ಇಲ್ಲ. ಒಬ್ಬಳ ಚಪ್ಪಲಿ ಬೀದಿ ಮೂಲೆಯಲ್ಲಿ ಕಿತ್ತುಹೋಯ್ತು. ಮಿಕ್ಕವರಿಗೆ ನೀವು ಮೇಲೆ ಹೋಗಿರಿ ಅಂದೆ. ನಾನು ಬರೋಷ್ಟರಲ್ಲಿ ಎಲ್ಲ ಮುಗಿಸಿ, ಬಾಲ್ಕನಿಯಲ್ಲಿ ಫೋಟೋ ತೆಗೀತಾ ಇದ್ರು. ತಡ ಆಯ್ತು ಅಂತ ಬಾಗಿಲಿಂದಲೇ ಹೊರಡಿಸಿಕೊಂಡು ಹೋದೆ."

ಸ್ರೆತೆನ್ ತಟ್ಟೆಯ ಮುಂದೆ ಬಗ್ಗಿದರು. ಎಂಜಲು ಚಮಚಗಳು ಎಲ್ಲೆಂದರಲ್ಲಿ ಬಿದ್ದಿದ್ದವು. ಕಸೂತಿ ಬಟ್ಟೆಯ ಮೇಲೊಂದು, ಕಿಟಕಿಯ ಕಟ್ಟೆಯ ಮೇಲೊಂದು, ಇನ್ನೆರಡು ಖಾಲಿಯಾದ ಪಾಕದ ಬಟ್ಟಲಿನೊಳಗೆ. ಒಂದು ಮಾತ್ರ ಅರ್ಧ ಕುಡಿದ ನೀರಿನ ಲೋಟದಲ್ಲಿ ನೆಟ್ಟಗೆ ನಿಂತಿತ್ತು.

"ಇವತ್ತು ಅವರಿಗೆ ಹೇಳಿಕೊಡಲಿಲ್ವಾ?"

"ಎಲ್ಲಿ ಹೇಳಿಕೊಡ್ಲಿ! ಒಬ್ಬರಿಗೆ ಒಂದೇ ಚಮಚ, ಆಮೇಲೆ ನೀರು, ಎಂಜಲು ಚಮಚ ಲೋಟದೊಳಗೆ ಅಂತ ಇಲ್ಲಿ ನಿಂತು ಹೇಳ್ತಿದ್ದೆ. ಇವತ್ತು ನಾನು ಇರಲೇ ಇಲ್ವಲ್ಲ."

"ನೀವು ತಿಂದ್ರಾ, ಕೊಸಾರಮ್ಮ?"

"ಸಕ್ಕರೆ ಕಾಯಿಲೆಯವಳಿಗೆ ಏನು ಕೇಳ್ತೀಯಪ್ಪ? ಬಂದವರಿಗೆಲ್ಲ ಕೈಗೆ ಚಮಚ ಕೊಟ್ಟೆ. ಯಾರೂ ಮಾತಾಡಲಿಲ್ಲ. ಮಾತಾಡಿದ್ರೂ ಅವರ ಭಾಷೆ ನನಗೆಲ್ಲಿ ಬರುತ್ತೆ?"

ಆಗ ವಿದೋಸಾವಾ ಬಂದಳು. ಐವತ್ತು ದಾಟಿದ ಗಟ್ಟಿ ಹೆಂಗಸು. ಗೋಡೆಯನ್ನು ಒಮ್ಮೆ ನೋಡಿ ನೇರವಾಗಿ ಇಸಿದೋರಾಳ ಕಡೆ ತಿರುಗಿದಳು.

"ಎಲ್ಲಿಟ್ಟಿದ್ದೀಯ ಹೇಳು. ನನ್ನಮ್ಮ ಸಂತನ ಹಬ್ಬದ ದಿನ ಊಟಕ್ಕೆ ಕೂತಾಗ ಎಲ್ಲರೆದುರು ಹೇಳಿದ್ದಳಲ್ಲ, ಪಟ ನನ್ನ ಕಾಲಾನಂತರ ಇಸಿದೋರಾಗೆ ಅಂತ! ಅಷ್ಟು ದಿನ ಕಾಯೋಕೆ ಆಗಲಿಲ್ವಾ?"

"ಅಕ್ಕಾ, ದೇವರಾಣೆ—"

"ನಾನು ನಿನ್ನ ಅಕ್ಕ ಅಲ್ಲ. ಅಮ್ಮನ್ನ ಪ್ರದರ್ಶನಕ್ಕೆ ಇಟ್ಟಿದ್ದೀಯ. ಕಂಡವರಿಗೆ ನಿಂಬೆಹಣ್ಣು ಸುರಿದಿರೋ ಹುಳಿ ಸ್ಟ್ರಾಬೆರಿ ಪಾಕ ತಿನ್ನಿಸಿ ಅಮ್ಮನ ಹೆಸರು ಕೆಡಿಸ್ತಿದ್ದೀಯ. ಸಂಜೆಯೊಳಗೆ ಕೋಣೆ ಖಾಲಿ ಮಾಡು. ನಿನ್ನ ಕಂಪನಿಗೂ ಹೇಳ್ತೀನಿ, ಕಳ್ಳಿಯನ್ನ ಮನೆಮನೆಗೆ ಕಳಿಸ್ತೀರಲ್ಲ ಅಂತ."

ಹುಳಿಯಂತೆ! ಆ ಪಾಕಕ್ಕೆ ನಾನು ಹಣ್ಣನ್ನು ಒಂದೊಂದಾಗಿ ಆರಿಸಿ, ರಾತ್ರಿಯಿಡೀ ಸಕ್ಕರೆಯಲ್ಲಿ ನೆನೆಹಾಕಿದ್ದೆ. ಆದರೂ ಇಸಿದೋರಾಳನ್ನು ಬೈದ ಮಾತು ಕಿವಿಗೆ ಹಿತವಾಗಿಯೇ ಇತ್ತು. ಕೊಸಾರಮ್ಮನನ್ನು ಬಿಟ್ಟರೆ ಈ ಮನೆಯ ಬೀಗದ ಕೈ ಇರುವುದು ಅವಳೊಬ್ಬಳ ಬಳಿಯಲ್ಲವೇ? ಕೊಸಾರಮ್ಮ ಮಾತ್ರ ಮಡಿಲಲ್ಲಿ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದರು.

"ನಾಳೆ ಮಧ್ಯಾಹ್ನದವರೆಗೆ ತಡಿ, ವಿದೋಸಾವಾ" ಎಂದರು ಸ್ರೆತೆನ್. "ಚರ್ಚು ಮುಗಿಸಿಕೊಂಡು ಇಲ್ಲೇ ಬಾ. ಹುಡುಗಿ ಪೆಟ್ಟಿಗೆ ಕಟ್ಟಿಟ್ಟಿರ್ತಾಳೆ. ಅವಳೇ ಕದ್ದಿದ್ರೆ ನಾನೇ ಪೆಟ್ಟಿಗೆ ಹೊತ್ತು ಬೀದಿಗೆ ಇಡ್ತೀನಿ."

ಮೆಟ್ಟಿಲಿಳಿಯುವಾಗ ನಾನು ತಡೆಯಲಾರದೆ ಕೇಳಿದೆ. "ಇಸಿದೋರಾನೇ ಅಲ್ವಾ?"

"ನಿಮಗೆ ಅವಳೇ ಆಗಿರಬೇಕು ಅಂತ ಆಸೆ" ಎಂದು ನಕ್ಕರು. ನಾನು ಮನೆಯವರೆಗೂ ಮಾತು ಬಿಟ್ಟೆ.

ಭಾನುವಾರ ನಾವು ಐವರೂ ಖಾಲಿ ಗೋಡೆಯೆದುರು ಕೂತೆವು. ಬಾಗಿಲ ಬಳಿ ಇಸಿದೋರಾಳ ಪೆಟ್ಟಿಗೆ ಹಗ್ಗ ಬಿಗಿಸಿಕೊಂಡು ನಿಂತಿತ್ತು. ಅವಳ ಕಣ್ಣು ಊದಿಕೊಂಡಿತ್ತು. ನನಗೆ ಮೊದಲ ಸಲ ಅಯ್ಯೋ ಅನಿಸಿತು.

"ಇಸಿದೋರಾ ಹತ್ರ ಬೀಗದ ಕೈ ಇದೆ" ಎಂದು ಸ್ರೆತೆನ್ ಶುರು ಮಾಡಿದರು. "ಕೊಸಾರಮ್ಮ ಬೇಗ ಮಲಗ್ತಾರೆ. ಯಾವ ರಾತ್ರಿ ಬೇಕಾದ್ರೂ ಪಟ ಇಳಿಸಬಹುದಿತ್ತು. ಕದಿಯೋಕೆ ಮನೆ ತುಂಬ ಜನ ಇರೋ ಹೊತ್ತನ್ನೇ ಯಾಕೆ ಆರಿಸಬೇಕು? ಆ ಹೊತ್ತು ಬೇಕಾಗಿದ್ದು ಒಂಟಿಯಾಗಿ ಒಳಗೆ ಬಂದ್ರೆ ಹೆಜ್ಜೆ ಸಪ್ಪಳದಲ್ಲೇ ಗುರುತು ಸಿಗೋರಿಗೆ. ಗುಂಪಿನ ಹೆಜ್ಜೆಯಲ್ಲಿ ತನ್ನ ಹೆಜ್ಜೆ ಸೇರಿಸಿದ್ರೆ ಕೊಸಾರಮ್ಮನಿಗೆ ಎಲ್ಲರೂ ಒಂದೇ ನೆರಳು."

"ಹಾಗಾದ್ರೆ ಆ ಪರದೇಶದವರಲ್ಲೇ ಯಾರೋ" ಎಂದಳು ವಿದೋಸಾವಾ.

"ಅವರೆಲ್ಲ ಚಮಚ ಬಿಸಾಕಿ ಹೋದ್ರು, ಹೇಳಿಕೊಡೋರು ಇರಲಿಲ್ಲ. ಆದರೆ ಒಬ್ಬರು ಒಂದು ಚಮಚ ತಿಂದು, ನೀರು ಕುಡಿದು, ಚಮಚಾನ ಲೋಟದಲ್ಲಿಟ್ರು. ಕದಿಯೋಕೆ ಬಂದವರು! ಕೈ ಮಾತ್ರ ತನ್ನ ಪಾಡಿಗೆ ತಾನು ಮರ್ಯಾದೆ ಮಾಡಿತು. ಮನೆಯವಳು ಕೈಗಿತ್ತ ಸಿಹಿ ಬೇಡ ಅನ್ನೋಕೆ ನಮ್ಮವರಿಗೆ ಬಾಯಿ ಬರಲ್ಲ, ಕಳ್ಳತನಕ್ಕೆ ಬಂದಿದ್ರೂ. ಇಸಿದೋರಾಗೆ ಈ ತಟ್ಟೆ ಯಾರೂ ಒಡ್ಡಲ್ಲ, ಅವಳು ಮನೆಯವಳು."

"ಬೆಲ್‌ಗ್ರೇಡ್ ತುಂಬ ನಮ್ಮವರೇ" ಎಂದಳು ವಿದೋಸಾವಾ. ದನಿ ಸಣ್ಣಗಾಗಿತ್ತು.

"ನಿಜ. ಮಿಲುಂಕಾ, ನಿಮ್ಮ ಪಾಕ ತಂದಿದ್ದು ಯಾವಾಗ?"

"ನಿನ್ನೆ ಬೆಳಿಗ್ಗೆ. ಅವರ ಬಟ್ಟಲಿಗೇ ಸುರಿದೆ. ಇಸಿದೋರಾಗೂ ಗೊತ್ತಿರಲಿಲ್ಲ."

"ವಿದೋಸಾವಾ ಬಂದಾಗ ಬಟ್ಟಲು ನೆಕ್ಕಿದ ಹಾಗೆ ಖಾಲಿ. ಅದರಲ್ಲಿದ್ದದ್ದು ಸ್ಟ್ರಾಬೆರಿ ಅಂತ, ಅದಕ್ಕೆ ನಿಂಬೆ ಜಾಸ್ತಿ ಅಂತ, ಜೆಮುನ್‌ನಲ್ಲಿ ಕೂತವಳ ನಾಲಿಗೆಗೆ ಹೇಗೆ ಗೊತ್ತಾಯ್ತು?"

ನಾನು ತಲೆ ತಗ್ಗಿಸಿದೆ. ಆ ಮಾತಿಗೆ ರಾತ್ರಿಯಿಡೀ ಹಲ್ಲು ಕಡಿದಿದ್ದೆ, ಅದರೊಳಗಿನ ಸುಳಿವು ಮಾತ್ರ ಕಾಣಲಿಲ್ಲ.

ವಿದೋಸಾವಾ ದೊಡ್ಡ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಆಮೇಲೆ ಅದರ ಬಾಯಿ ಬಿಚ್ಚಿ, ಟವೆಲಿನಲ್ಲಿ ಸುತ್ತಿದ್ದ ಪಟವನ್ನು ಮೇಜಿನ ಮೇಲಿಟ್ಟಳು.

"ಇವತ್ತು ಅವಳ ಕೋಣೆಯಲ್ಲಿ ಇಡೋಣ ಅಂತ ತಂದೆ" ಎಂದಳು. "ಇಡೋಕೆ ಆಗಲಿಲ್ಲ. ನಿನ್ನೆ ಇಸಿದೋರಾ ಮೂಲೆಯಲ್ಲೇ ಉಳಿದದ್ದು ನೋಡಿ ಗುಂಪಿನ ಹಿಂದೆ ಒಳಗೆ ಬಂದೆ, ಅವರೆಲ್ಲ ಬಾಲ್ಕನಿಗೆ ಹೋದಾಗ ಇಳಿಸಿದೆ. ಮಗಳಿಗೆ ಗಂಡನ ಮನೆ ಸಂತ ಸಾಕು ಅಂದೆಯಲ್ಲಮ್ಮ, ಬಾಡಿಗೆಯವಳಿಗೆ ನಮ್ಮಪ್ಪನ ಸಂತ ಯಾಕೆ? ಫೋನ್ ಮಾಡಿದಾಗಲೆಲ್ಲ ಇಸಿದೋರಾ ಹಾಗಂದ್ಲು, ಇಸಿದೋರಾ ಹೀಗಂದ್ಲು. ಒಂದು ದಿನ ನಾನು ಹೇಗಿದ್ದೀನಿ ಅಂತ ಕೇಳಿದ್ಯಾ? ನಿನ್ನೆ ನಿನ್ನ ಮುಂದೆ ನಿಂತೆ. ನೀನು ನನ್ನ ಕೈಗೆ ಚಮಚ ಕೊಟ್ಟೆ. ಯಾರೋ ಪರದೇಶದವಳಿಗೆ ಕೊಟ್ಟ ಹಾಗೆ. ಹೆತ್ತ ಮಗಳ ಕೈ ನಿನಗೆ ಗೊತ್ತಾಗಲಿಲ್ಲ."

"ಗೊತ್ತಾಯ್ತು" ಎಂದರು ಕೊಸಾರಮ್ಮ.

ಮುದುಕಿ ಮಗಳ ದನಿಯತ್ತ ತಿರುಗಿದರು.

"ಚಿಕ್ಕವಳಿದ್ದಾಗ ನೀನು ಪಾಕದ ಹಂಡೆಗೆ ಬೆರಳಿಟ್ಟು ಸುಟ್ಟುಕೊಂಡಿದ್ದೆ. ಆ ಸುಟ್ಟ ಗಾಯದ ಗಂಟು ಬೆರಳಲ್ಲಿ ಇನ್ನೂ ಹಾಗೇ ಇದೆ. ಮುಟ್ಟಿದ ತಕ್ಷಣ ನೀನೇ ಅಂತ ಗೊತ್ತಾಯ್ತು. ನನ್ನ ನೋಡೋಕೆ ಬಂದಿದ್ದಾಳೆ, ಈಗ ಅಮ್ಮ ಅಂತಾಳೆ, ಅಂತ ಕಾದೆ. ನೀನು ಬಾಯೇ ಬಿಡಲಿಲ್ಲ."

ಇಸಿದೋರಾ ಕುರ್ಚಿಯಿಂದ ಎದ್ದಳು. "ಅಜ್ಜಿ, ನಿಮಗೆ ನಿನ್ನೆಯಿಂದ ಗೊತ್ತಿತ್ತಾ? ನನ್ನ ಕಳ್ಳಿ ಅಂದಾಗ ಇಲ್ಲೇ ಕೂತಿದ್ರಲ್ಲ. ನಾನು ಪೆಟ್ಟಿಗೆ ಕಟ್ಟೋ ಸದ್ದು ಕೇಳಿಸಲಿಲ್ವಾ?"

"ಕೇಳಿಸ್ತು, ಕಂದಾ" ಎಂದು ಮುದುಕಿ ಅವಳತ್ತ ಕೈ ಚಾಚಿದರು. "ನಾನು ಮಾಡಿದ್ದು ಪಾಪ. ಆದರೆ ನೀನು ಮಗಳ ಹಾಗೆ. ಅವಳು ಮಗಳು."

ಇಸಿದೋರಾ ಆ ಕೈ ಹಿಡಿಯಲಿಲ್ಲ. ಅವಳ ಮುಖದಲ್ಲಿ ಆಗ ಕಂಡದ್ದು ನನಗೆ ಚೆನ್ನಾಗಿ ಪರಿಚಯವಿತ್ತು. ಶನಿವಾರ ಸ್ರೆತೆನ್ ಟೊಪ್ಪಿಗೆ ಹಾಕಿಕೊಂಡು ಹೊರಟಾಗ ನನ್ನ ಕನ್ನಡಿಯಲ್ಲಿ ಕಾಣುತ್ತಿದ್ದದ್ದೂ ಅದೇ. ವಿದೋಸಾವಾ ಕ್ಷಮೆ ಕೇಳಿದಳು, ಹೋಗಬೇಡವೆಂದಳು. ಹುಡುಗಿ ಒಲ್ಲೆನೆಂದು ತಲೆಯಾಡಿಸಿ ಪೆಟ್ಟಿಗೆ ಎತ್ತಿಕೊಂಡಳು. ಮೆಟ್ಟಿಲಿನಲ್ಲಿ ನಾನು ಅವಳ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡೆ.

"ಎದುರಿಗೇ ನನ್ನ ಮನೆ. ಒಂದು ಕೋಣೆ ಸುಮ್ಮನೆ ಬಿದ್ದಿದೆ" ಎಂದೆ. ನನ್ನ ದನಿ ಸಿಡುಕಾಗಿಯೇ ಇತ್ತು. "ಬಾ, ಬಾ. ಅಳೋದಾದ್ರೆ ಒಳಗೆ ಬಂದು ಅಳು."

ಮುಂದಿನ ಶನಿವಾರ ನಡಿಗೆ ಕೊಸಾರಮ್ಮನ ಬಾಗಿಲು ದಾಟಿ ನನ್ನ ಮನೆಗೆ ಬಂತು. ಇಸಿದೋರಾ ಎಲ್ಲರಿಗೂ ಹೇಳಿಕೊಟ್ಟಳು, ಒಂದೇ ಚಮಚ, ಆಮೇಲೆ ನೀರು, ಚಮಚ ಲೋಟದೊಳಗೆ. ಕೊನೆಯಲ್ಲಿ ಸ್ರೆತೆನ್ ಬಂದರು. ಒಂದು ಚಮಚ ತಿಂದರು, ನೀರು ಕುಡಿದರು, ಎಂದಿನಂತೆ ಏನೂ ಹೇಳಲಿಲ್ಲ. ನಿಂಬೆ ಕಡಿಮೆ ಹಾಕಿದ್ದೆ, ಅದನ್ನಾದರೂ ಕೇಳಬಾರದೇ? ಸಿಟ್ಟಿನಿಂದ ತಟ್ಟೆ ಎತ್ತಿಕೊಳ್ಳಲು ಹೋದೆ. ಅವರು ಸುತ್ತ ನೋಡಿ, ಲೋಟದಿಂದ ಚಮಚ ತೆಗೆದು, ಮೆಲ್ಲನೆ ಮತ್ತೊಂದು ಸಲ ಬಟ್ಟಲಿಗೆ ಹಾಕಿದರು. ಎರಡನೆಯ ಚಮಚ!

ಈ ಗೆಲುವನ್ನು ತೋರಿಸಬೇಕೆಂದು ಇಸಿದೋರಾಳ ಕಡೆ ತಿರುಗಿದೆ. ಅವಳು ಕಿಟಕಿಯ ಬಳಿ ನಿಂತು ಎದುರು ಮನೆ ನೋಡುತ್ತಿದ್ದಳು. ಅಲ್ಲಿ ಪಟ ಮತ್ತೆ ಗೋಡೆಗೆ ಬಂದಿತ್ತು. ವಿದೋಸಾವಾ ತಾಯಿಯ ತಲೆ ಬಾಚುತ್ತಿದ್ದಳು.

ನಾನು ಬಟ್ಟಲನ್ನು ಕಿಟಕಿಯ ಬಳಿಗೇ, ಇಸಿದೋರಾಳ ಹತ್ತಿರ ಒಯ್ದೆ. ತಟ್ಟೆ ಇಲ್ಲದೆ, ಲೋಟ ಇಲ್ಲದೆ, ಮನೆಯವರಿಗೆ ಕೊಡುವ ಹಾಗೆ, ಬಟ್ಟಲನ್ನೇ ಅವಳ ಕೈಯಲ್ಲಿಟ್ಟೆ.